ಬೆಕ್ಕಿಗಾಗಿ ಮಾಡಿಸಿದ ಆಣೆ

ಅಂಪಾರೊಳ ಬೆಕ್ಕಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ ವಠಾರದಲ್ಲಿ ಮೊದಲು ನಕ್ಕವಳು ಪಕ್ಕದ ಮನೆಯ ಚೋಲೆ. ಬೀದಿಮೂಲೆಯಲ್ಲಿ ತಮಾಲೆ ಎಂಬ ಜೋಳದ ಹಿಟ್ಟಿನ ಕಡುಬು ಬೇಯಿಸಿ ಮಾರುವವಳು ಅವಳು. ಅವಳ ಮಗಳಿಗೆ ಇಗರ್ಜಿಯಲ್ಲಿ ಹೆಸರಿಡುವಾಗ ಧರ್ಮತಾಯಿಯಾಗಿ ಮಗುವನ್ನು ಎತ್ತಿಕೊಂಡು ನಿಂತದ್ದು ಅಂಪಾರೊ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ‘ಕೊಮಾದ್ರೆ’ ಎಂದೇ ಕರೆಯುವುದು, ಜಗಳ ಆಡುವಾಗಲೂ.

“ನನ್ನ ಗಂಡನಿಗೆ ಸಕ್ಕರೆ, ಅತ್ತೆಗೆ ಸಕ್ಕರೆ, ಈಗ ನಿಮ್ಮ ಬೆಕ್ಕಿಗೂ ಬಂತಾ ಕೊಮಾದ್ರೆ? ಇನ್ನು ಈ ವಠಾರದಲ್ಲಿ ಸಕ್ಕರೆ ಬರದೆ ಉಳಿದಿರೋದು ನಲ್ಲಿ ಒಂದೇ” ಎಂದಳು. ಆಮೇಲೆ ನಗು ನಿಲ್ಲಿಸಿ, ಬೆಕ್ಕು ಯಾವುದಕ್ಕೆ ಅಷ್ಟು ಬೆಚ್ಚಿಬಿದ್ದಿತ್ತು ಎಂದು ವಿಚಾರಿಸಿದಳು. ದೊಡ್ಡ ಹೆದರಿಕೆಯಾದರೆ ರಕ್ತಕ್ಕೆ ಸಕ್ಕರೆ ಏರುತ್ತದೆ ಎನ್ನುವುದು ಮೆಕ್ಸಿಕೊ ನಗರದ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಡಾಕ್ಟರಿಗೆ ಮಾತ್ರ ಗೊತ್ತಿಲ್ಲ, ಪಾಪ.

ಬೆಕ್ಕಿನ ಹೆಸರು ಬೊಲೀಯೊ. ಅಲ್ಲಿನ ಬೇಕರಿಗಳಲ್ಲಿ ಬೆಳಗಾದರೆ ಬುಟ್ಟಿಗಟ್ಟಲೆ ಇಳಿಯುವ ಬಿಸಿ ಬನ್ನಿಗೆ ಆ ಹೆಸರು. ಮರಿಯಾಗಿದ್ದಾಗ ಬಣ್ಣ, ಆಕಾರ ಎರಡೂ ಹಾಗೇ ಇದ್ದವು. ಒಂಬತ್ತು ವರ್ಷ ತಿಂದು ಮಲಗಿ ಅದು ಬನ್ನಿನಿಂದ ತಲೆದಿಂಬಾಯಿತು. ಆಮೇಲೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೆನ್ನಮೂಳೆ ಕೈಗೆ ಸಿಗುವ ಹಾಗೆ ಇಳಿದುಹೋಯಿತು. ಬಟ್ಟೆ ಒಗೆಯುವ ತೊಟ್ಟಿಯ ಅಂಚಿಗೆ ಹತ್ತಿ ಒಂದೇ ಸಮನೆ ನೀರು ಕುಡಿಯುತ್ತಿತ್ತು. ಹಿಂಗಾಲನ್ನು ಹಿಮ್ಮಡಿಯವರೆಗೂ ನೆಲಕ್ಕೆ ಊರಿ, ಚಪ್ಪಲಿ ಎಳೆದುಕೊಂಡು ನಡೆಯುವ ಮುದುಕರ ಹಾಗೆ ಅಂಗಳ ದಾಟುತ್ತಿತ್ತು. ಅದನ್ನು ಕಂಡ ದಿನ ಅಂಪಾರೊ ಹೊಲಿಗೆ ಬಿಟ್ಟೆದ್ದು, ಬೆಕ್ಕನ್ನು ಸಂತೆಚೀಲದಲ್ಲಿ ಹಾಕಿಕೊಂಡು ಪ್ರಾಣಿವೈದ್ಯೆ ಮಿರೇಯಾಳ ಹತ್ತಿರ ಓಡಿದ್ದಳು.

ಅಂಪಾರೊಳ ಕಸುಬು ಬಾಲಯೇಸುವಿಗೆ ಬಟ್ಟೆ ಹೊಲಿಯುವುದು. ಕ್ರಿಸ್‌ಮಸ್ಸಿಗೆ ಮನೆಮನೆಯಲ್ಲಿ ತೊಟ್ಟಿಲಿಗೆ ಹಾಕಿದ ಯೇಸುವಿನ ಬೊಂಬೆಯನ್ನು ಫೆಬ್ರವರಿ ಎರಡಕ್ಕೆ ಹೊಸ ಬಟ್ಟೆ ತೊಡಿಸಿ ಇಗರ್ಜಿಗೆ ಒಯ್ಯಬೇಕು. ಹಾಗಾಗಿ ಜನವರಿ ಪೂರ್ತಿ ಅವಳ ಕೋಣೆಯಲ್ಲಿ ಬರಿಮೈಯ ಬಾಲಯೇಸುಗಳು ಸಾಲಾಗಿ ಮಲಗಿರುತ್ತವೆ. ಒಂದಕ್ಕೆ ಬೆರಳು ಮುರಿದಿದೆ, ಇನ್ನೊಂದಕ್ಕೆ ರೆಪ್ಪೆ ಉದುರಿದೆ. ಅಂಗೈ ಅಗಲದ ಅಂಗಿಗೆ ಜರಿ ಕೂರಿಸಿದ ಕೈ ಅವಳದು, ಸೂಜಿ ಎಂದರೆ ಭಯವೇ ಇಲ್ಲ. ಆದರೂ ಬೊಲೀಯೊಗೆ ಮೊದಲ ಸಲ ಇನ್ಸುಲಿನ್ ಚುಚ್ಚುವಾಗ ಕೈ ನಡುಗಿ ಔಷಧವೆಲ್ಲ ತುಪ್ಪಳದ ಮೇಲೇ ಹೋಯಿತು. ಬೆಕ್ಕು ತಿರುಗಿ ನೋಡಿ, ಇಷ್ಟೇನಾ ನಿನ್ನ ಕೈಚಳಕ ಎನ್ನುವ ಹಾಗೆ ಮೂತಿ ನೆಕ್ಕಿಕೊಂಡಿತು.

ಇನ್ಸುಲಿನ್‌ಗಿಂತ ಕಷ್ಟ ಕಿವಿಯದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಔಷಧ ಕೊಡುವ ಮೊದಲು ಕಿವಿಯ ಅಂಚಿಗೆ ಚುಚ್ಚಿ ಹನಿ ರಕ್ತ ಬರಿಸಿ ಅದನ್ನು ಮೀಟರಿನ ಪಟ್ಟಿಗೆ ಮುಟ್ಟಿಸಬೇಕು. ಬೆಕ್ಕಿನ ಕಿವಿ ತಣ್ಣಗಿದ್ದರೆ ರಕ್ತ ಬರುವುದಿಲ್ಲ. ಅಂಪಾರೊ ಹಳೆಯ ಕಾಲುಚೀಲಕ್ಕೆ ಅಕ್ಕಿ ತುಂಬಿ, ಬಿಸಿ ಮಾಡಿ ಕಿವಿಗೆ ಒತ್ತಿ ಹಿಡಿಯುವುದನ್ನು ಕಲಿತಳು. ಬೆಕ್ಕನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಕಿವಿಯ ಹಿಂದೆ ಹತ್ತಿ ಇಟ್ಟು, ಯಾರ ನೆರವೂ ಇಲ್ಲದೆ ಚುಚ್ಚುವುದನ್ನೂ ಕಲಿತಳು. ಡಾಕ್ಟರ್ ಮಿರೇಯಾ ಒತ್ತಿ ಒತ್ತಿ ಹೇಳಿದ್ದು ಒಂದೇ ಮಾತು: “ನೋಡದೆ ಕೊಡಬೇಡಿ ದೋನ್ಯಾ ಅಂಪಾರೊ. ಸಕ್ಕರೆ ಜಾಸ್ತಿ ಆದ್ರೆ ಬೆಕ್ಕು ನಿಧಾನವಾಗಿ ಸಾಯತ್ತೆ. ಕಮ್ಮಿ ಆದ್ರೆ ಮಧ್ಯಾಹ್ನದೊಳಗೆ ಸಾಯತ್ತೆ.”

ಕಮ್ಮಿಯಾಗುವ ಮಾತೆಲ್ಲಿ ಬಂತು? ಏನು ಮಾಡಿದರೂ ಮೀಟರು ನಾನೂರರಿಂದ ಕೆಳಗೆ ಇಳಿಯಲೊಲ್ಲದು. ಒಂದು ದಿನ ಮುನ್ನೂರೈವತ್ತು ತೋರಿಸಿ ಆಸೆ ಹುಟ್ಟಿಸಿದರೆ ಮರುದಿನ ನಾನೂರೈವತ್ತು. ಡಾಕ್ಟರು ಒಂದು ಯೂನಿಟ್ಟಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಕಡೆಗೆ ನಾಲ್ಕಕ್ಕೆ ಏರಿಸಿದರು. ಪ್ರತಿ ಸಲವೂ ಹೊರಗೆ ಏನಾದರೂ ತಿನ್ನುತ್ತಿದೆಯಾ ಎಂದು ಕೇಳಿದರು. ಇಲ್ಲವೇ ಇಲ್ಲ ಎಂದು ಅಂಪಾರೊ ಎದೆ ತಟ್ಟಿ ಹೇಳಿದಳು. ವಠಾರದವರಿಗೆಲ್ಲ ತೊಟ್ಟಿಯ ಹತ್ತಿರ ನಿಲ್ಲಿಸಿ ಹೇಳಿದ್ದಾಗಿತ್ತು, ಎಲ್ಲರೂ ತಲೆ ಆಡಿಸಿದ್ದರು.

ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣದು ಎಂದುಕೊಳ್ಳುವುದು ಬೆಕ್ಕು ಎನ್ನುತ್ತಾರೆ. ಆ ವಠಾರದಲ್ಲಿ ಬೆಕ್ಕು ಕಣ್ಣು ಬಿಟ್ಟುಕೊಂಡೇ ಕುಡಿಯುತ್ತಿತ್ತು. ಕಣ್ಣು ಮುಚ್ಚಿಕೊಂಡವರು ಕುಡಿಸುವವರು. ಮೂಳೆಚಕ್ಕಳವಾದ ಪ್ರಾಣಿ ಬಾಗಿಲಿಗೆ ಬಂದು ಮಿಯಾವ್ ಎಂದರೆ ಯಾರ ಕರುಳು ಚುರುಕ್ ಎನ್ನುವುದಿಲ್ಲ? ಅಂಪಾರೊ ಅದನ್ನು ಉಪವಾಸ ಕೆಡವಿ ಕೊಲ್ಲುತ್ತಿದ್ದಾಳೆ ಎಂದು ಒಳಗೊಳಗೇ ಎಲ್ಲರಿಗೂ ಅನುಮಾನ. ನಾನೊಬ್ಬಳು ಚೂರು ಕೊಟ್ಟರೆ ಏನಾಗುತ್ತದೆ ಎಂದು ಒಬ್ಬೊಬ್ಬರೂ ಅಂದುಕೊಂಡರು, ಒಬ್ಬೊಬ್ಬರೂ ಕೊಟ್ಟರು.

ಒಂದು ಭಾನುವಾರ ಬೆಳಿಗ್ಗೆ ಬೊಲೀಯೊನ ಮೀಸೆಗೆ ತಮಾಲೆಯ ಹಿಟ್ಟು ಅಂಟಿಕೊಂಡಿತ್ತು. ಅಂಪಾರೊ ಬೆಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಮನೆಗೂ ಹೋದಳು. ಕುಂಬಳಕಾಯಿ ಕಳ್ಳ ಯಾರು ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ಪ್ರಾಮಾಣಿಕರೂ ಅಲ್ಲಿರಲಿಲ್ಲ. ಚೋಲೆಯಂತೂ, ತಮಾಲೆ ಮಾಡುವವಳು ಊರಲ್ಲಿ ತಾನೊಬ್ಬಳೇನಾ ಎಂದು ತಿರುಗಿ ಕೇಳಿದಳು. ಅಂಪಾರೊಗೆ ರೇಗಿಹೋಯಿತು. ನನಗೆ ಸುಳ್ಳು ಹೇಳುತ್ತೀರಾ, ಹೇಳಿ, ಯಾರಿಗೆ ಸುಳ್ಳು ಹೇಳಲು ನಿಮಗೆ ಧೈರ್ಯವಿಲ್ಲವೋ ಅವಳ ಮುಂದೆಯೇ ನಿಲ್ಲಿಸುತ್ತೇನೆ ಎಂದುಕೊಂಡಳು.

ಅಂಗಳದ ಗೋಡೆಯಲ್ಲಿ, ಬಣ್ಣದ ಬಲ್ಬುಗಳ ನಡುವೆ, ಯೇಸುವಿನ ತಾಯಿ, ಗ್ವಾದಲೂಪೆಯ ಮಾತೆ ಇದ್ದಾಳೆ. ಮಾತೆಯ ಮುಂದೆ ಆಣೆ ಮಾಡುವುದು ಆ ಕಡೆ ಹಳೆಯ ಪದ್ಧತಿ. ಕುಡಿತ ಬಿಡಲಾಗದವನು ಪಾದ್ರಿಯ ಹತ್ತಿರ ಹೋಗಿ, ಇಷ್ಟು ತಿಂಗಳು ಮುಟ್ಟುವುದಿಲ್ಲ ಎಂದು ಅವಳ ಹೆಸರಲ್ಲಿ ಆಣೆ ಮಾಡಿ, ಅವಳ ಚಿತ್ರವಿರುವ ಪುಟ್ಟ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಗೆಳೆಯರು ಲೋಟ ಮುಂದೆ ಹಿಡಿದರೆ ಆಣೆ ಇದೆ ಎಂದರೆ ಸಾಕು, ಯಾರೂ ಬಲವಂತ ಮಾಡುವುದಿಲ್ಲ. ಹೆಂಡತಿಗೆ ಕೊಟ್ಟ ಮಾತನ್ನು ಊಟದಷ್ಟು ಸಲೀಸಾಗಿ ಮುರಿಯುವವರೂ ಅದನ್ನು ಮುರಿಯಲು ಹೆದರುತ್ತಾರೆ.

ಎದುರು ಮನೆಯ ನಿಕಾನೋರನ ಜೇಬಿನಲ್ಲಿ ಅಂಥದೊಂದು ಚೀಟಿ ಇತ್ತು. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಮೊದಲು ಟ್ರಾಲಿಬಸ್ ಓಡಿಸುತ್ತಿದ್ದ. ಕುಡಿತ ಅವನ ಕೆಲಸವನ್ನೂ ಹೆಂಡತಿಯನ್ನೂ ನುಂಗಿತ್ತು. ಹೋದ ಈಸ್ಟರಿಗೆ ಒಂದು ವರ್ಷದ ಆಣೆ ಮಾಡಿದ್ದ, ಜನವರಿಯವರೆಗೂ ಉಳಿಸಿಕೊಂಡು ಬಂದಿದ್ದ.

ಆ ಭಾನುವಾರ ಸಂಜೆ ಅಂಪಾರೊ ಎಲ್ಲರನ್ನೂ ಮಾತೆಯ ಮುಂದೆ ಸೇರಿಸಿದಳು. ಬೊಲೀಯೊಗೆ ತಿನ್ನಲು ಏನೂ ಕೊಡುವುದಿಲ್ಲ, ಒಂದು ತುತ್ತೂ ಇಲ್ಲ, ಒಂದು ಹನಿಯೂ ಇಲ್ಲ ಎಂದು ಒಬ್ಬೊಬ್ಬರ ಬಾಯಲ್ಲೂ ಹೇಳಿಸಿದಳು. ನಗುತ್ತಾ ಬಂದವರು ಬಲ್ಬುಗಳ ಬೆಳಕಿಗೆ ಬಂದು ನಿಂತ ಮೇಲೆ ನಗಲಿಲ್ಲ. ಕಡೆಗೆ ಉಳಿದವನು ನಿಕಾನೋರ್. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಮೆಲ್ಲಗೆ ಕೇಳಿದ: “ಸಂಜೆ ಹೊತ್ತು ಒಂಚೂರು ಮಾಂಸಾನೂ ಬೇಡ್ವಾ ದೋನ್ಯಾ ಅಂಪಾರೊ?”

“ಒಂಚೂರೂ ಬೇಡ. ಆಣೆ ಅಂದ್ರೇನು ಅಂತ ನಿಮಗಿಂತ ಚೆನ್ನಾಗಿ ಈ ವಠಾರದಲ್ಲಿ ಯಾರಿಗೆ ಗೊತ್ತು ದೋನ್ ನಿಕಾನೋರ್?”

ಹಿಂದೆ ಯಾರೋ ಕಿಸಕ್ಕೆಂದರು. ನಿಕಾನೋರ್ ತಲೆ ಎತ್ತದೆ, ಜೇಬಿನ ಮೇಲೆ ಕೈ ಇಟ್ಟು, ಹೇಳಿಸಿದ್ದನ್ನು ಹೇಳಿ ಹೋದ. ಅಷ್ಟು ಚುಚ್ಚಬಾರದಿತ್ತು ಎಂದು ಅಂಪಾರೊಗೆ ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ಮಾತೆಯ ಮುಂದೆ ಗೆದ್ದ ಖುಷಿಯಲ್ಲಿ ಆ ಅನಿಸಿಕೆ ಬಹಳ ಹೊತ್ತು ನಿಲ್ಲಲಿಲ್ಲ.

ಆಣೆ ಹಿಡಿಯಿತು. ಆ ವಾರ ಇಡೀ ವಠಾರದಲ್ಲಿ ಒಬ್ಬರೂ ಕೈ ಚಾಚಲಿಲ್ಲ. ಬೊಲೀಯೊ ಬಾಗಿಲಿಂದ ಬಾಗಿಲಿಗೆ ಹೋಗಿ ಕೂಗಿ ಕೂಗಿ ಸೋತು ಮನೆಗೆ ಬಂದು ಮಲಗುತ್ತಿತ್ತು. ಮೀಟರು ಮುನ್ನೂರಕ್ಕೆ ಇಳಿಯಿತು, ಇನ್ನೂರಕ್ಕೆ ಇಳಿಯಿತು. ಬುಧವಾರ ಬೆಳಿಗ್ಗೆ ನೂರ ಅರವತ್ತು ಎಂದು ತೋರಿಸಿದಾಗ ಅಂಪಾರೊ ಮೊಣಕಾಲೂರಿ ಅತ್ತುಬಿಟ್ಟಳು. ತೊಟ್ಟಿಯ ಹತ್ತಿರ ಎಲ್ಲರನ್ನೂ ಕರೆದು ಮಾತೆ ಕೈ ಹಿಡಿದಳು ಎಂದು ಹೇಳಿ, ದೊಡ್ಡದೊಂದು ಮೇಣದಬತ್ತಿ ಹಚ್ಚಿದಳು.

ಅಲ್ಲಿಂದ ಮುಂದೆ ಅವಳು ಕಿವಿಗೆ ಚುಚ್ಚಲಿಲ್ಲ. ಸೋಮಾರಿತನದಿಂದಲ್ಲ. ಮಾತೆ ವಾಸಿ ಮಾಡಿದ ಮೇಲೂ ಮೀಟರು ಹಿಡಿದು ನೋಡುವುದೆಂದರೆ ಆ ತಾಯಿಯ ಕೈಕೆಲಸವನ್ನೇ ತಪಾಸಣೆ ಮಾಡಿದ ಹಾಗಲ್ಲವೇ? ಪಾಪದ ಪ್ರಾಣಿಯ ಕಿವಿಯೂ ಚುಚ್ಚಿ ಚುಚ್ಚಿ ಜರಡಿಯಾಗಿತ್ತು. ಇನ್ಸುಲಿನ್ ಮಾತ್ರ ನಿಲ್ಲಿಸಲಿಲ್ಲ. ಮಾತೆಗೆ ನಮ್ಮ ಕಡೆಯಿಂದಲೂ ಒಂದಿಷ್ಟು ನೆರವಾಗಲಿ ಎಂದು ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು, ಭಕ್ತಿಯಿಂದ ಚುಚ್ಚುತ್ತಾ ಹೋದಳು. ಡಾಕ್ಟರಿಗೆ ಫೋನು ಮಾಡಿ ಕೇಳಬೇಕೆಂದು ಹೊಳೆಯಲೇ ಇಲ್ಲ. ವಾಸಿಯಾದ ಮೇಲೆ ಡಾಕ್ಟರೇಕೆ?

ಶನಿವಾರ ಮಧ್ಯಾಹ್ನಕ್ಕೆ ಮುಂಚೆ, ಒಂದು ಯೇಸುವಿನ ಮುರಿದ ಬೆರಳಿಗೆ ಅಂಟು ಹಚ್ಚುತ್ತಿದ್ದಾಗ, ಮೇಜಿನ ಕೆಳಗೆ ಏನೋ ಬಡಿದ ಸದ್ದಾಯಿತು. ಬಗ್ಗಿ ನೋಡಿದರೆ ಬೊಲೀಯೊ ಮಗ್ಗುಲಾಗಿ ಬಿದ್ದಿದೆ. ಬಾಯಿಂದ ಜೊಲ್ಲು ಇಳಿಯುತ್ತಿದೆ, ನಾಲ್ಕೂ ಕಾಲು ನೀರಲ್ಲಿ ಈಜುವ ಹಾಗೆ ಆಡುತ್ತಿವೆ, ಕಣ್ಣು ತೆರೆದಿದ್ದರೂ ಅವಳನ್ನು ಗುರುತಿಸಲಿಲ್ಲ. ಅಕ್ಕಿಯ ಚೀಲ ಬಿಸಿ ಮಾಡುವಷ್ಟು ಹೊತ್ತಿಲ್ಲ. ಕಿವಿಯನ್ನು ಬಾಯಿಗೆ ಹಿಡಿದು ಉಸಿರು ಬಿಟ್ಟು ಬೆಚ್ಚಗೆ ಮಾಡಿ ಚುಚ್ಚಿದಳು. ಮೀಟರು ಮೂವತ್ತೊಂದು ಎಂದು ತೋರಿಸಿತು.

ಅವಳ ಕೂಗಿಗೆ ಚೋಲೆ ಓಡಿಬಂದಳು. ಒಬ್ಬಳು ಬೆಕ್ಕಿನ ತುಟಿ ಎತ್ತಿ ಹಿಡಿದರೆ ಇನ್ನೊಬ್ಬಳು ಬೆರಳಿನಿಂದ ವಸಡಿಗೆ ಜೇನು ಸವರಿದಳು. ಫೋನಿನಲ್ಲಿ ಸಿಕ್ಕ ಡಾಕ್ಟರ್ ಮಿರೇಯಾ ಊರಿನ ಆ ಕೊನೆಯಲ್ಲಿ ಲಸಿಕೆ ಹಾಕುತ್ತಿದ್ದರು. ಈಗಲೇ ಹೊರಟರೂ ಬರಲು ಹೊತ್ತಾಗುತ್ತದೆ ಎಂದರು. ಜೇನು ಸ್ವಲ್ಪ ಹೊತ್ತು ಮಾತ್ರ ತಡೆಯುತ್ತದೆ, ಬೆಳಿಗ್ಗೆ ಕೊಟ್ಟ ಇನ್ಸುಲಿನ್ ಸಂಜೆಯವರೆಗೂ ಒಳಗೆ ಕೆಲಸ ಮಾಡುತ್ತದೆ. ಎಚ್ಚರವಾದ ಕೂಡಲೇ ಹೊಟ್ಟೆಗೆ ಆಹಾರ ಹೋಗಬೇಕು, ಬೆಕ್ಕು ತಾನಾಗೇ ನುಂಗಬೇಕು, ತುರುಕಿದರೆ ಉಸಿರುಕಟ್ಟುತ್ತದೆ. ಕಡೆಗೆ ಅವರು ಕೇಳಿದರು: ಹೋದ ವಾರದವರೆಗೆ ಹೊರಗೆ ಎಷ್ಟು ತಿನ್ನುತ್ತಿತ್ತು, ನಿಜ ಹೇಳಿ.

ಅಂಪಾರೊ ಫೋನು ಹಿಡಿದುಕೊಂಡೇ ಚೋಲೆಯ ಮುಖ ನೋಡಿದಳು. ಚೋಲೆ ಸೆರಗಿನ ಹಾಗೆ ಏಪ್ರನ್ನಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

“ದಿನಾ ಬೆಳಿಗ್ಗೆ ಒಂದು ತಮಾಲೆ. ಅರ್ಧ ಅಲ್ಲ, ಒಂದು” ಎಂದಳು. “ನಮ್ಮನೆಯವರು ರಾತ್ರಿ ಸಿಹಿ ಹಾಲು ಹಾಕ್ತಿದ್ರು. ತನಗೆ ಕುಡಿಯೋ ಹಾಗಿಲ್ಲ, ಅದಾದ್ರೂ ಕುಡೀಲಿ ಅಂತ.”

ಬಾಗಿಲಲ್ಲಿ ಸೇರಿದ್ದವರು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಮೇಲಿನ ಮನೆಯವರು ಬ್ರೆಡ್ಡು, ತೊಟ್ಟಿಯ ಪಕ್ಕದವರು ಅನ್ನ, ಇನ್ನೊಬ್ಬರು ಹಬ್ಬದ ಕೇಕಿನ ಕೆನೆ. ಕೇಳುತ್ತಾ ಕೇಳುತ್ತಾ ಅಂಪಾರೊಗೆ ಲೆಕ್ಕ ಹೊಳೆಯಿತು. ನಾಲ್ಕು ಯೂನಿಟ್ಟು ಅವಳ ಬೆಕ್ಕಿಗೆ ಕೊಟ್ಟದ್ದಲ್ಲ, ವಠಾರದ ಅಷ್ಟೂ ಅಡುಗೆಮನೆಗೆ ಕೊಟ್ಟದ್ದು. ಸುಳ್ಳು ಹೇಳುತ್ತಿದ್ದಷ್ಟು ದಿನ ಬೆಕ್ಕು ಬದುಕಿತ್ತು. ಎಲ್ಲರೂ ಮಾತಿಗೆ ತಪ್ಪದೆ ನಡೆದ ವಾರದಲ್ಲೇ, ನೋಡಬೇಡ ಎಂದು ಯಾರೂ ಹೇಳದಿದ್ದರೂ ಮೀಟರನ್ನು ಡಬ್ಬಿಯಲ್ಲಿಟ್ಟು, ಅದನ್ನು ಕೊಲ್ಲಲು ಹೊರಟವಳು ತಾನೇ.

ಬೊಲೀಯೊ ತಲೆ ಎತ್ತಿತು. ಮೀಟರು ಎಪ್ಪತ್ತು ತೋರಿಸಿತು. ಅಂಪಾರೊ ಬೇಯಿಸಿದ ಕೋಳಿಯನ್ನು ಮೂತಿಯ ಹತ್ತಿರ ಹಿಡಿದಳು. ಬೆಕ್ಕು ಮುಖ ತಿರುಗಿಸಿತು. ಚುಚ್ಚುವ ಕೈಯನ್ನು ಆ ಮಂಪರಿನಲ್ಲೂ ಅದು ಮರೆತಿರಲಿಲ್ಲ. ಚೋಲೆ ಮೊದಲು ಕೈ ಹಿಂದಕ್ಕೆ ಕಟ್ಟಿಕೊಂಡಳು, ಆಮೇಲೆ ಮಾತೆಗೂ ಬುದ್ಧಿ ಇರುತ್ತದೆ ಬಿಡು ಎಂದು ಶಿಲುಬೆಯ ಗುರುತು ಹಾಕಿಕೊಂಡು ತಾನೂ ಒಂದು ಚೂರು ಹಿಡಿದಳು. ಅದನ್ನೂ ಮೂಸಲಿಲ್ಲ. ಮತ್ತೆ ಚುಚ್ಚಿದಾಗ ಎಪ್ಪತ್ತು ಐವತ್ತೆರಡಾಗಿತ್ತು.

“ಅದು ನಿಜವಾಗಿ ತಿಂತಿದ್ದದ್ದು ಒಬ್ಬರ ಕೈಯಿಂದ ಮಾತ್ರ ಕೊಮಾದ್ರೆ” ಎಂದು ಚೋಲೆ ಅಂಗಳದ ಆಚೆಗೆ ಕಣ್ಣಲ್ಲೇ ತೋರಿಸಿದಳು. “ನಮ್ಮದೆಲ್ಲ ಬರೀ ಕುರುಕಲು.”

ನಿಕಾನೋರ್ ತನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಎಲ್ಲ ಕೇಳಿಸಿಕೊಂಡಿದ್ದ, ಎದ್ದಿರಲಿಲ್ಲ. ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಅಂಪಾರೊ ಅಂಗಳ ದಾಟಿ ಅವನ ಮುಂದೆ ಹೋಗಿ ನಿಂತಳು.

“ಬನ್ನಿ ದೋನ್ ನಿಕಾನೋರ್. ನಿಮ್ಮ ಕೈಯಿಂದ ಆದ್ರೆ ತಿನ್ನತ್ತೆ.”

“ನನ್ನ ಕೈ ಕಟ್ಟಿದೆ ದೋನ್ಯಾ ಅಂಪಾರೊ. ಕಟ್ಟಿದ್ದು ನೀವು.”

ಬೆಕ್ಕು ಸಾಯುತ್ತಿದೆ ಎಂದು ಅವಳು ಹೇಳಿದಳು. ಗೊತ್ತು ಎಂದ. ಅವಳನ್ನು ನೋಡದೆ, ಅಂಗಳದ ಕಲ್ಲನ್ನು ನೋಡುತ್ತಾ ಮಾತಾಡಿದ.

“ಇದಕ್ಕೆ ಮುಂಚೆ ಒಂದ್ಸಲ ಆಣೆ ಮುರಿದಿದ್ದೆ. ಕುಡಿದು ಅಲ್ಲ. ಅಣ್ಣನ ಮೊಮ್ಮಗುವಿನ ಹೆಸರಿಡೋ ಹಬ್ಬ, ಒಂದು ಮಿಠಾಯಿ ಕೊಟ್ರು. ಒಳಗೆ ಒಂದು ಹನಿ ರಮ್ ಇತ್ತು. ಒಂದು ಹನಿಗೆ ಏನಾಗತ್ತೆ ಅಂದ್ರು, ನಾನೂ ಅದೇ ಅಂದ್ಕೊಂಡೆ. ಆಮೇಲೆ ನನ್ನನ್ನ ಬಸ್ ಸ್ಟ್ಯಾಂಡಲ್ಲಿ ಹುಡುಕಿ ಎತ್ಕೊಂಡು ಬಂದ್ರು, ಹೆಂಡತಿ ಅಷ್ಟೊತ್ತಿಗೆ ಮನೆ ಬಿಟ್ಟು ಹೋಗಿದ್ಲು. ಮುರಿಯೋದು ಮೊದಲನೇ ಚೂರು ಮಾತ್ರ ಕಷ್ಟ. ಉಳಿದದ್ದು ತಾನಾಗೇ ಬೀಳತ್ತೆ.”

ಅವನು ಬೀದಿಯ ಗೇಟಿನ ಕಡೆ ಗದ್ದ ತೋರಿಸಿದ.

“ಸಂಜೆ ಆಯ್ತು ಅಂದ್ರೆ ಎಲ್ಲ ಆ ಕಡೆ ಹೋಗ್ತಾರೆ, ಮೂಲೆ ಹೆಂಡದ ಅಂಗಡಿಗೆ. ನಗೋದು ಇಲ್ಲೀವರೆಗೂ ಕೇಳ್ಸತ್ತೆ. ಆ ಹೊತ್ತಿಗೆ ನಾನು ಮಾಂಸ ಕತ್ತರಿಸ್ತಿದ್ದೆ, ಸಣ್ಣಗೆ, ತುಂಬ ಸಣ್ಣಗೆ. ನಿಮ್ಮ ಬೆಕ್ಕು ತಿಂದು ಮುಖ ತೊಳ್ಕೊಂಡು ತೊಡೆ ಮೇಲೆ ಮಲಗೋ ಅಷ್ಟೊತ್ತಿಗೆ ಆ ಹೊತ್ತು ದಾಟಿರ್ತಿತ್ತು. ಈ ವಾರ ಕತ್ತರಿಸೋಕೆ ಏನೂ ಇರಲಿಲ್ಲ. ಕೈ ಎಲ್ಲಿಡಬೇಕೋ ಗೊತ್ತಾಗ್ಲಿಲ್ಲ.”

ಭಾನುವಾರ ತಾನು ಎಲ್ಲರ ಮುಂದೆ ಆಡಿದ ಮಾತು ಅಂಪಾರೊಗೆ ನೆನಪಾಯಿತು. ಒಂದು ಬೆಕ್ಕಿನ ಬಾಯಿ ಮುಚ್ಚಲು ಹೋಗಿ ಒಬ್ಬ ಮನುಷ್ಯನ ಊರುಗೋಲನ್ನು ಕಿತ್ತುಕೊಂಡಿದ್ದಳು. ಈಗ ಅದೇ ಬೆಕ್ಕಿಗಾಗಿ ಅವನನ್ನು ಇನ್ನಷ್ಟು ದೂಡಬೇಕು. ಬೇರೆ ದಾರಿ ಇದ್ದಿದ್ದರೆ ಹಿಂದಕ್ಕೆ ಹೋಗುತ್ತಿದ್ದಳು. ಇರಲಿಲ್ಲ.

“ಪಾಪ ಬಂದ್ರೆ ನನ್ನ ತಲೆಗೇ ಬರ್ಲಿ ಅಂತ ಹೇ‍ಳಬಹುದು” ಎಂದಳು. “ಪಾಪ ಬೇಕಾದ್ರೆ ಬರತ್ತೆ. ಆದ್ರೆ ನೀವು ಬಿದ್ರೆ ಬೀಳೋದು ನೀವೇ, ನಾನಲ್ಲ. ಅದು ನನಗೆ ಗೊತ್ತು. ಗೊತ್ತಿದ್ದೂ ಕೇಳ್ತಾ ಇದ್ದೀನಿ ದೋನ್ ನಿಕಾನೋರ್. ಆ ಬೆಕ್ಕು ಬಿಟ್ರೆ ನನಗೆ ಯಾರೂ ಇಲ್ಲ.”

ಅವನು ತೊಡೆಯ ಕೆಳಗಿಂದ ಕೈಗಳನ್ನು ತೆಗೆದ. ಮಾತೆಯ ಕಡೆ ಒಂದು ಸಲ ನೋಡಿದ, ಏನೋ ಹೇಳಿಕೊಂಡ, ಅಂಗಳ ದಾಟಿದ. ಬಾಗಿಲಲ್ಲಿದ್ದವರು ದಾರಿ ಬಿಟ್ಟರು. ಅಂಪಾರೊಳ ಕೋಣೆಯ ನೆಲದ ಮೇಲೆ ಕಾಲು ಚಾಚಿ ಕೂತು, ಕೋಳಿಯ ಚೂರನ್ನು ಉಗುರಿನಿಂದ ಎಳೆಎಳೆಯಾಗಿ ಬಿಡಿಸಿ, ನಾಲಿಗೆಯಿಂದ ಲೊಚ್ ಲೊಚ್ ಎಂದು ಕರೆದ. ಬೊಲೀಯೊನ ಕಿವಿ ಆಡಿತು. ಮೂಗು ಅವನ ಹೆಬ್ಬೆರಳಿನವರೆಗೆ ಬಂದು ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. ಆಮೇಲೆ ಒಂದು ಎಳೆ ನೆಕ್ಕಿತು, ನುಂಗಿತು. ಎರಡನೆಯದನ್ನು ಕಚ್ಚಿ ಎಳೆದುಕೊಂಡಿತು. ಆ ಕೋಣೆಯಲ್ಲಿ, ಬರಿಮೈಯ ಅಷ್ಟೂ ಯೇಸುಗಳು ನೋಡುತ್ತಿರುವಾಗ, ಬೆಕ್ಕು ಅವನ ಅಂಗೈಯನ್ನು ಖಾಲಿ ಮಾಡಿತು. ಅವನು ಮತ್ತೆ ಬಿಡಿಸಿದ. ಮೀಟರು ಎಂಬತ್ತಾಯಿತು, ನೂರ ಹತ್ತಾಯಿತು.

ಬೆಕ್ಕು ಎದ್ದು ನಿಂತದ್ದನ್ನು ನೋಡಿ ನಿಕಾನೋರ್ ಎದ್ದ. ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಡಾಕ್ಟರ್ ಮಿರೇಯಾ ಬೆವರು ಸುರಿಸಿಕೊಂಡು ಬಂದು, ಬೆಕ್ಕನ್ನು ನೋಡಿ ಸಮಾಧಾನಪಟ್ಟು, ಆಮೇಲೆ ಅಂಪಾರೊಳನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಮೀಟರ್ ನೋಡಬೇಡ ಅಂತ ಮಾತೆ ಬಂದು ಹೇಳಿದ್ದಳಾ ಎಂದು ಕೇಳಿದರು. ಇವತ್ತು ಸಂಜೆ ಇನ್ಸುಲಿನ್ ಬೇಡ, ನಾಳೆಯಿಂದ ಒಂದೇ ಯೂನಿಟ್ಟು, ಅದೂ ಕಿವಿ ನೋಡಿಯೇ. ಹೊತ್ತಿಗೆ ಸರಿಯಾಗಿ ಇಷ್ಟೇ ಮಾಂಸ, ಸಿಹಿ ಇಲ್ಲ, ಹಿಟ್ಟು ಇಲ್ಲ. ಹೀಗೇ ನಡೆದರೆ ಮುಂದೆ ಇನ್ಸುಲಿನ್ನೇ ಬೇಡವಾದರೂ ಆಶ್ಚರ್ಯವಿಲ್ಲ, ಬೆಕ್ಕುಗಳಲ್ಲಿ ಹಾಗಾಗುವುದುಂಟು ಎಂದರು. ಅವರು ಹೋದ ಮೇಲೆ ಚೋಲೆ ಒಂದು ಒಣ ಬನ್ನು ತಂದು, ಹೆದರಿಕೆ ಇಳಿಯುತ್ತದೆ, ತಿನ್ನಿ ಎಂದು ಅಂಪಾರೊಳ ಕೈಗಿಟ್ಟಳು. ಇಲ್ಲದಿದ್ದರೆ ನಿಮಗೂ ಸಕ್ಕರೆ ಬಂದೀತು ಎಂದಳು.

ಬಿಸಿಲು ಗೋಡೆಯಿಂದ ಇಳಿಯಿತು. ಮೂಲೆ ಅಂಗಡಿಯಿಂದ ಹಾಡು ಕೇಳಲು ಶುರುವಾಯಿತು. ಅಂಪಾರೊ ಸೂಜಿಗೆ ದಾರ ಪೋಣಿಸುತ್ತಿದ್ದಳು, ಕಣ್ಣು ಮಾತ್ರ ಎದುರು ಬಾಗಿಲ ಮೇಲಿತ್ತು. ಬಾಗಿಲು ತೆರೆಯಿತು. ನಿಕಾನೋರ್ ಒಗೆದ ಅಂಗಿ ಹಾಕಿಕೊಂಡಿದ್ದ, ತಲೆ ಬಾಚಿದ್ದ, ಟೋಪಿ ಇಟ್ಟಿದ್ದ. ಯಾರನ್ನೂ ನೋಡದೆ ಬೀದಿಯ ಗೇಟಿನ ಕಡೆ ನಡೆದ.

ಅವಳು ಸೂಜಿ ಕೆಳಗಿಟ್ಟು ಎದ್ದಳು. ಹೋಗಬೇಡಿ ಎಂದು ಕೂಗಿದರೆ ಇಡೀ ವಠಾರ ಕಿಟಕಿಗೆ ಬರುತ್ತದೆ. ಭಾನುವಾರ ಒಂದು ಸಲ ಅವನನ್ನು ಎಲ್ಲರ ಮುಂದೆ ನಿಲ್ಲಿಸಿದ್ದು ಸಾಕು. ಓಡಿಹೋಗಿ ತೋಳು ಹಿಡಿಯಲು ಅವಳು ಅವನಿಗೆ ಏನೂ ಅಲ್ಲ. ಬೊಲೀಯೊನನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು.

“ದೋನ್ ನಿಕಾನೋರ್, ಇದರ ಕಿವಿ ಒಂದು ಹಿಡ್ಕೊಡ್ತೀರಾ? ನನ್ನೊಬ್ಬಳ ಕೈಲಿ ಆಗ್ತಾ ಇಲ್ಲ.”

ಅವಳು ಇಷ್ಟು ಕಾಲ ಒಬ್ಬಳೇ ಆ ಕಿವಿಗೆ ಚುಚ್ಚಿದ್ದು ವಠಾರಕ್ಕೆಲ್ಲ ಗೊತ್ತಿತ್ತು. ತೊಟ್ಟಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದ ಚೋಲೆ ತಲೆ ಎತ್ತಿದಳು, ಬಾಯಿ ತೆರೆದಳು, ಜೀವಮಾನದಲ್ಲಿ ಮೊದಲ ಸಲ ಏನೂ ಹೇಳದೆ ಮುಚ್ಚಿಕೊಂಡಳು. ನಿಕಾನೋರನ ಕೈ ಗೇಟಿನ ಚಿಲಕದ ಮೇಲಿತ್ತು.

“ಬೀದಿಲಿ ಸ್ವಲ್ಪ ಕೆಲಸ ಇತ್ತು” ಎಂದ, ತಿರುಗದೆ.

“ಬೀದಿ ಎಲ್ಲೂ ಹೋಗಲ್ಲ. ಇದಕ್ಕೆ ಈಗ್ಲೇ ನೋಡ್ಬೇಕು.”

ಅಂಗಡಿಯ ಹಾಡು ಮುಗಿದು ಇನ್ನೊಂದು ಶುರುವಾಯಿತು. ಅವನು ಚಿಲಕ ಬಿಟ್ಟ. ನಿಧಾನವಾಗಿ ಹಿಂದಕ್ಕೆ ಬಂದು, ಅವಳು ಎಳೆದುಕೊಟ್ಟ ಸ್ಟೂಲಿನ ಮೇಲೆ ಕೂತು, ಬೆಕ್ಕನ್ನು ತೊಡೆಯ ಮೇಲೆ ತೆಗೆದುಕೊಂಡ. ಬೆಚ್ಚಗಿನ ಅಕ್ಕಿಯ ಚೀಲವನ್ನು ಕಿವಿಗೆ ಹೇಗೆ ಒತ್ತಬೇಕೆಂದು ಅವಳು ತೋರಿಸಿಕೊಟ್ಟಳು. ಅವನ ಬೆರಳುಗಳು ಗಡಗಡ ನಡುಗುತ್ತಿದ್ದವು. ಅವಳದೂ ಅಷ್ಟೇ. ನಡುವೆ ಬೆಕ್ಕೊಂದೇ ಸಮಾಧಾನವಾಗಿತ್ತು. ಚುಚ್ಚಿದಳು, ಹನಿ ಬಂತು, ಮೀಟರನ್ನು ಅವನ ಕಡೆ ತಿರುಗಿಸಿದಳು.

“ನೂರ ತೊಂಬತ್ತು” ಎಂದು ಅವನು ಓದಿದ. “ಒಳ್ಳೇದಾ, ಕೆಟ್ಟದ್ದಾ?”

“ಇವತ್ತಿಗೆ ಒಳ್ಳೇದು.”

ಕೆಲಸ ಮುಗಿದಿತ್ತು, ಆದರೂ ಅವನು ಕಿವಿಯನ್ನು ಬಿಡಲಿಲ್ಲ. ಮತ್ತೆ ಯಾವಾಗ ನೋಡಬೇಕು ಎಂದು ಕೇಳಿದ. ಇನ್ನೊಂದು ಗಂಟೆಗೆ ಎಂದಳು. ಮಲಗುವ ಮೊದಲು ಒಮ್ಮೆ ನೋಡಿದರೆ ಸಾಕು ಎಂದಿದ್ದರು ಡಾಕ್ಟರು. ಅದಾದ ಮೇಲೆ ಎಂದು ಕೇಳಿದ. ಅದಾದ ಮೇಲೂ ಎಂದಳು. ಮರದ ಹಲಗೆ, ಚಾಕು, ಅಳತೆಯ ಮಾಂಸ ತಂದು ಅವನ ಮುಂದೆ ಇಟ್ಟು, ತಾನು ಹೊಲಿಗೆಗೆ ಕೂತಳು. ಅವನು ಟೋಪಿ ತೆಗೆದು ಕೆಳಗಿಟ್ಟು ಕತ್ತರಿಸತೊಡಗಿದ. ಬಹಳ ಹೊತ್ತು ಕತ್ತರಿಸಿದ.

“ನಾಳೆ ಹೇಗೆ?” ಎಂದ, ಚಾಕುವಿನಿಂದ ಕಣ್ಣು ತೆಗೆಯದೆ.

“ನಾಳೆ ಹಾಡು ಶುರುವಾಗೋಕೆ ಮುಂಚೆ ಬಂದ್ಬಿಡಿ” ಎಂದಳು ಅಂಪಾರೊ. “ನನ್ನೊಬ್ಬಳ ಕೈಲಿ ಆಗಲ್ಲ.”

ಈ ಸಲ ಅವಳು ಸುಳ್ಳು ಹೇಳಿರಲಿಲ್ಲ.